ಮೆಟ್ಟಿಲು ಬಾಡಿಗೆ ಕೊಡುವುದಿಲ್ಲ

“ಎಡಕ್ಕೆ ವಾಲಿಸ್ರೋ, ಎಡಕ್ಕೆ! ಮೊಣಕಾಲು ತಾಗ್ತಿದೆ!”

ಕುರ್ಚಿಯ ಮುಂಗಾಲುಗಳನ್ನು ಹಿಡಿದು ಹಿಮ್ಮುಖವಾಗಿ ಮೆಟ್ಟಿಲಿಳಿಯುತ್ತಿದ್ದ ಚನ್ನವೀರೇಶ್ ಕೂಗಿದ. ಮೇಲಿನಿಂದ ಕುರ್ಚಿಯ ಬೆನ್ನು ಹಿಡಿದಿದ್ದ ಇಬ್ಬರು ಎಡಕ್ಕೆ ವಾಲಿಸಿದರು. ಅವನ ತಂದೆ ರೇವಣಸಿದ್ದಯ್ಯನವರ ಬಲ ಮೊಣಕಾಲು ಗೋಡೆಯಿಂದ ಬಿಡಿಸಿಕೊಂಡಿತು. ಎಡ ಮೊಣಕಾಲು ಎದುರು ಗೋಡೆಗೆ ಒತ್ತಿಕೊಂಡಿತು. ಬಲಕ್ಕೆ ವಾಲಿಸಿದರು. ಈಗ ಬಲದ್ದು ಸಿಕ್ಕಿತು. ಕೊರಳಿನ ಹಾರದಿಂದ ಸೇವಂತಿಗೆ ಉದುರಿ ಚನ್ನವೀರೇಶನ ಮುಖದ ಮೇಲೆ ಬಿತ್ತು. ಒರೆಸಿಕೊಳ್ಳಲು ಅವನಿಗೆ ಕೈ ಬಿಡುವಿರಲಿಲ್ಲ.

“ಒಂದ್ಸಲ ಮೇಲಕ್ಕೆತ್ತಿ ತಿರುಗಿಸಿ ನೋಡೋಣ.”

“ತಿರಗೂದಿಲ್ಲ ಬಿಡ್ರಿ ಅಣ್ಣಾರ,” ಮೇಲಿನಿಂದ ಬಾಳೇಶ ಏದುಸಿರಿನಲ್ಲೇ ಹೇಳಿದ. “ಜಾಗಾ ಇದ್ದರ ತಿರಗೂದು.”

ಬಾಳೇಶ ಅದೇ ಮನೆಯ ಬಾಡಿಗೆದಾರ. ಮೊದಲನೇ ಮಹಡಿಯಲ್ಲಿ ಮೆಟ್ಟಿಲು ತಿರುಗುವ ಜಾಗಕ್ಕೆ ಅಂಟಿಕೊಂಡ ಒಂಟಿ ಕೋಣೆಯಲ್ಲಿ ಹೆಂಡತಿ ದುರ್ಗವ್ವನ ಜೊತೆ ಇದ್ದ. ಈಗ ಮೊಣಕಾಲು ಒತ್ತಿಕೊಂಡಿದ್ದು ಆ ಕೋಣೆಯ ಗೋಡೆಗೇ. ಒಳಗೆ ನಿಂತಿದ್ದ ದುರ್ಗವ್ವನಿಗೆ ಯಾರೋ ಬಾಗಿಲು ತಟ್ಟಿದ ಹಾಗೆ ಕೇಳಿತು.

ಕೊನೆಗೆ ಕುರ್ಚಿಯನ್ನು ತಿರುವಿನಲ್ಲೇ ಇಳಿಸಿದರು. ಅದು ಕುಲುಕದ ಹಾಗೆ ಮುಂದಿನ ಕಾಲುಗಳ ಕೆಳಗೆ ಒಂದೊಂದು ಇಟ್ಟಿಗೆ ಕೊಟ್ಟರು.

ಹಿಂದಿನ ರಾತ್ರಿ ಜೀವ ಹೋದ ಕೂಡಲೇ ಅವರನ್ನು ಕೂರಿಸಿದ್ದರು. ಅವರ ಪೈಕಿ ತೀರಿಕೊಂಡವರನ್ನು ಮಲಗಿಸಿ ಒಯ್ಯುವುದಿಲ್ಲ. ಕಾಲು ಮಡಿಸಿ, ಬೆನ್ನು ನೆಟ್ಟಗೆ ಮಾಡಿ, ಹಣೆಗೆ ವಿಭೂತಿ ಬಳಿದು, ಎಡಗೈಯಲ್ಲಿ ಲಿಂಗವಿಟ್ಟು, ಪೂಜೆಗೆ ಕೂತ ಹಾಗೆ ಕೂರಿಸುತ್ತಾರೆ. ಹಾಗೇ ಹೆಗಲ ಮೇಲೆ ಹೊರುವ ಮಂಟಪದಂಥ ವಿಮಾನದಲ್ಲಿ ಒಯ್ದು ಹಾಗೇ ಮಣ್ಣಿಗಿಳಿಸುತ್ತಾರೆ. ಬೆಳಗಾಗುವಷ್ಟರಲ್ಲಿ ದೇಹ ಆ ಭಂಗಿಯಲ್ಲಿ ಬಿಗಿದುಕೊಂಡಿತ್ತು. ತಾರಸಿಯ ಕೋಣೆಯಿಂದ ಎರಡನೇ ಮಹಡಿಯವರೆಗೆ ತೊಂದರೆಯಾಗಲಿಲ್ಲ. ಎರಡರಿಂದ ಒಂದಕ್ಕೆ ಬರುವ ತಿರುವಿನಲ್ಲಿ ಮೆಟ್ಟಿಲು ದಿಢೀರನೆ ಕಿರಿದಾಗುತ್ತಿತ್ತು. ಮೂಡಲಪಾಳ್ಯದ ಆ ಮನೆಗೆ ಬಂದವರೆಲ್ಲ ಅಲ್ಲಿ ಭುಜ ಓರೆ ಮಾಡಿಕೊಂಡು ಹತ್ತಿ ಇಳಿಯುತ್ತಿದ್ದರು. ಕೂತವರು ಓರೆಯಾಗಲಾರರು.

ಎರಡನೇ ಮಹಡಿಯ ಮೆಟ್ಟಿಲ ತುದಿಯಲ್ಲಿ ಕಲ್ಯಾಣಮ್ಮ ಗೋಡೆ ಹಿಡಿದು ನಿಂತಿದ್ದರು. ಅಲ್ಲಿಂದ ಅವರಿಗೆ ಗಂಡನ ನೆತ್ತಿ ಮಾತ್ರ ಕಾಣುತ್ತಿತ್ತು. ಮಂಡಿನೋವಿನಿಂದಾಗಿ ಎರಡು ವರ್ಷದಿಂದ ಅವರು ಈ ಮೆಟ್ಟಿಲು ಇಳಿದಿರಲಿಲ್ಲ. ಹಿಡಿದು ಇಳಿಸಬೇಕೆಂದರೆ ಪಕ್ಕದಲ್ಲಿ ಇನ್ನೊಬ್ಬರು ನಿಲ್ಲಲು ತಿರುವಿನಲ್ಲಿ ಜಾಗವಿರಲಿಲ್ಲ. ಇವತ್ತು ಮಾತ್ರ ಹೇಗಾದರೂ ಇಳಿಯಬೇಕೆಂದು ಬೆಳಿಗ್ಗೆಯೇ ನಿಶ್ಚಯಿಸಿದ್ದರು. ಗಂಡ ಕೂತ ಹಾಗೇ ಈ ಮನೆಯಿಂದ ಹೊರಡಬೇಕು, ತಾನು ಹಿಂದೆ ಹೋಗಿ ಒಂದು ಹಿಡಿ ಮಣ್ಣು ಹಾಕಬೇಕು. ಅಷ್ಟೇ ಅವರಿಗೆ ಬೇಕಾಗಿದ್ದದ್ದು. ಈಗ ದಾರಿಗೆ ಗಂಡನೇ ಅಡ್ಡ ಕೂತಿದ್ದರು.

“ಅಲ್ಲಾ, ಈಗ ನಾವೆಲ್ಲ ಮೇಲೇನೇ ಇರ್ಬೇಕಾ?” ಎರಡನೇ ಮಹಡಿಯ ಬಾಡಿಗೆದಾರಳು ಬಸವರಾಜೇಶ್ವರಿ ಹಿಂದಿನಿಂದ ಪಿಸುಗುಟ್ಟಿದಳು. “ನೀರು ಬಿಡೋ ಹೊತ್ತಾಯ್ತು, ಕೆಳಗೆ ಬಿಂದಿಗೆ ಇಟ್ಟು ಬಂದಿದೀನಿ.”

ಕೆಳಗೆ ರಸ್ತೆಯಲ್ಲಿ ಬಾಳೆಕಂದು, ಚೆಂಡುಹೂ ಕಟ್ಟಿದ ವಿಮಾನ ಕಾಯುತ್ತಿತ್ತು. ಭಜನೆಯವರು ಒಂದು ಪದ ಮುಗಿಸಿ, ಇನ್ನೂ ಬರಲಿಲ್ಲವಲ್ಲ ಎಂದು ಮೇಲೆ ನೋಡಿ, ಅದೇ ಪದವನ್ನು ಮೊದಲಿನಿಂದ ಹಿಡಿದರು.

ತಿರುವಿನ ಕೆಳಗೆ ಮೇಸ್ತ್ರಿ ಬೆಟ್ಟಯ್ಯ ನಿಂತಿದ್ದ. ಈ ಮನೆಯ ಬುನಾದಿಯಿಂದ ತಾರಸಿಯವರೆಗೆ ಕಟ್ಟಿದ್ದು ಅವನೇ. ಪಕ್ಕದಲ್ಲಿದ್ದ ಪದ್ಮನಾಭ ಮಲ್ಲತ್ತಹಳ್ಳಿಯಲ್ಲಿ ಸೈಟು ಕೊಂಡು ಬಾಡಿಗೆ ಮನೆ ಕಟ್ಟಿಸಲು ಹೊರಟಿದ್ದವರು. ಬರುವ ಭಾನುವಾರ ಪ್ಲ್ಯಾನ್ ತೋರಿಸಿ ರೇವಣಸಿದ್ದಯ್ಯನವರ ಸಲಹೆ ಕೇಳಬೇಕೆಂದಿದ್ದರು. ಸುದ್ದಿ ಕೇಳಿ ಇವತ್ತೇ ಬಂದಿದ್ದರು.

“ಎಷ್ಟಗಲ ಇಟ್ಟಿದ್ರಿ ಬೆಟ್ಟಯ್ಯ ಇದನ್ನ?” ಪದ್ಮನಾಭ ಮೆಲ್ಲಗೆ ಕೇಳಿದರು.

“ನಾನಿಟ್ಟಿದ್ದು ಮೂರಡಿ ಸಾರ್.” ಬೆಟ್ಟಯ್ಯ ಕುರ್ಚಿಯಲ್ಲಿ ಕೂತವರ ಕಡೆ ಗಲ್ಲ ಎತ್ತಿ ತೋರಿಸಿದ. “ಅವರು ಉಳಿಸಿದ್ದು ಇಷ್ಟು.”

*

ಅದು ಐದು ವರ್ಷದ ಹಿಂದಿನ ಮಾತು, ೨೦೦೨ರ ಬೇಸಿಗೆ. ಮೊದಲನೇ ಮಹಡಿಗೆ ಮೆಟ್ಟಿಲು ಬಂದು ತಲುಪುವ ಕಡೆ ಒಂದು ಅಗಲವಾದ ಮೂಲೆ ಇತ್ತು. ಅಲ್ಲಿ ಸೈಕಲ್ಲು, ತುಳಸಿ ಕುಂಡ, ಯಾರದೋ ಚಪ್ಪಲಿ ಇರುತ್ತಿದ್ದವು. ರೇವಣಸಿದ್ದಯ್ಯನವರು ಒಂದು ಬೆಳಿಗ್ಗೆ ಸುಣ್ಣದ ಕಡ್ಡಿ ತಂದು ನೆಲದ ಮೇಲೆ ಗೆರೆ ಎಳೆದರು.

“ಈ ಮೂಲೆ, ಆ ಬಾಲ್ಕನಿ ಎರಡೂ ಸೇರಿದ್ರೆ ಒಂದು ರೂಮಾಗುತ್ತೆ. ಗೋಡೆ ಇಲ್ಲಿಗೆ ಬರ್ಲಿ.”

ಬೆಟ್ಟಯ್ಯ ಗೆರೆ ನೋಡಿದ. “ಇಲ್ಲಿಗೆ ಬಂದ್ರೆ ಮಂಚ ತಿರುಗಲ್ಲ ಅಯ್ನೋರೆ.”

“ಮಂಚಾನ ಹಗ್ಗ ಕಟ್ಟಿ ಹೊರಗಿಂದ ಎಳ್ಕೋತಾರೆ.”

“ಬೀರು?”

“ಬೀರೂ ಹಾಗೇ. ಮೆಟ್ಟಿಲು ಇರೋದು ಮನುಷ್ಯರಿಗೆ ಕಣಯ್ಯ. ಮನುಷ್ಯ ಎಷ್ಟಗಲ ಇರ್ತಾನೆ? ನೋಡು.” ಅವರು ಎರಡೂ ಕೈಯನ್ನು ಮೈಗೆ ಒತ್ತಿಕೊಂಡು ಗೆರೆಗೂ ಗೋಡೆಗೂ ನಡುವೆ ಹತ್ತಿ ಇಳಿದು ತೋರಿಸಿದರು. ತಲೆಯ ಮೇಲೆ ಗ್ಯಾಸ್ ಸಿಲಿಂಡರ್ ಹೊತ್ತವನ ಹಾಗೆ ಕೈಯೆತ್ತಿ ಇನ್ನೊಂದು ಸಲ ಇಳಿದರು. “ಸಾಕಲ್ವಾ?”

ಕಾಫಿ ತಂದ ಕಲ್ಯಾಣಮ್ಮ ನಗು ತಡೆದುಕೊಂಡು ಕೇಳಿದರು, “ಒಬ್ಬರು ಹತ್ತುವಾಗ ಇನ್ನೊಬ್ಬರು ಇಳಿಯೋಕೆ ಬಂದ್ರೆ?”

“ಒಬ್ಬರು ಕಾಯ್ತಾರೆ. ಕಾದ್ರೆ ಏನೂ ಖರ್ಚಿಲ್ಲ.” ಆಮೇಲೆ ಬೆಟ್ಟಯ್ಯನ ಕಡೆ ತಿರುಗಿ, “ಜನ ದಿನಕ್ಕೆ ಎಷ್ಟು ಹೊತ್ತು ಮೆಟ್ಟಿಲ ಮೇಲಿರ್ತಾರೆ ಹೇಳು? ಅಷ್ಟಕ್ಕೆ ಇಷ್ಟೊಂದು ಜಾಗವಾ? ಮೆಟ್ಟಿಲೇನು ಬಾಡಿಗೆ ಕೊಡುತ್ತಾ?”

ನಾಲ್ಕಿಂಚಿನ ಗೋಡೆ ಎದ್ದಿತು. ಬಾಗಿಲನ್ನು ಆಚೆ, ಮೊದಲನೇ ಮಹಡಿಯ ಬಾಗಿಲುಗಳ ನಡುವಿನ ಓಣಿಯ ಕಡೆಗೆ ಇಟ್ಟರು. ತಿಂಗಳೊಳಗೆ ಕೋಣೆ ಬಾಡಿಗೆಗೂ ಹೋಯಿತು.

ಮರುವರ್ಷ ಎರಡನೇ ಮಹಡಿಯಲ್ಲಿ ಆಗ ಇದ್ದ ಬಾಡಿಗೆದಾರರ ಮುದಿ ತಾಯಿ ತೀರಿಕೊಂಡಳು. ಅವರು ಬೇರೆ ಜನ, ಮಲಗಿಸಿ ಒಯ್ಯುವವರು. ಚಾಪೆಯಲ್ಲಿ ಸುತ್ತಿ, ಚಟ್ಟಕ್ಕೆ ಬಿಗಿದು, ತಿರುವಿನಲ್ಲಿ ಏಣಿ ನಿಲ್ಲಿಸಿದ ಹಾಗೆ ನೆಟ್ಟಗೆ ನಿಲ್ಲಿಸಿ ಇಳಿಸಿದರು. ಮೇಲಿನಿಂದ ಉಸಿರು ಬಿಗಿಹಿಡಿದು ನೋಡುತ್ತಿದ್ದ ರೇವಣಸಿದ್ದಯ್ಯನವರು ಹೆಂಡತಿಯ ಕಡೆ ತಿರುಗಿದರು. “ನೋಡಿದ್ಯಾ? ಇಳೀತು.”

ಎಷ್ಟೋ ವಿಮಾನಗಳಿಗೆ ಹೆಗಲು ಕೊಟ್ಟವರು ಅವರು. ತಮ್ಮವರು ಕೂತು ಹೋಗುವವರು ಎಂಬುದು ಆ ಹೊತ್ತಿನಲ್ಲಿ ಅವರಿಗೆ ಹೊಳೆಯಲಿಲ್ಲ. ಕಲ್ಯಾಣಮ್ಮನಿಗೂ ಹೊಳೆಯಲಿಲ್ಲ.

*

“ಬಿಸಿನೀರು ಹಾಕಿ ಮಂಡಿ ನೀವಿದ್ರೆ ಸಡಿಲ ಆಗುತ್ತೇನೋ,” ಕೆಳಗಿನಿಂದ ಯಾರೋ ಹೇಳಿದರು.

“ಬದುಕಿದ್ದಾಗ ದಿನಾ ಎಣ್ಣೆ ತಿಕ್ಕಿದೀನಿ, ಸಡಿಲ ಆಗ್ಲಿಲ್ಲ,” ಎಂದರು ಕಲ್ಯಾಣಮ್ಮ. “ಈಗ ಮುರೀತೀರಾ?”

ಮಾತೆಲ್ಲ ರೇವಣಸಿದ್ದಯ್ಯನವರ ತಲೆಯ ಮೇಲಿಂದಲೇ ಹಾದುಹೋಗುತ್ತಿತ್ತು. ಮಠದಿಂದ ಬಂದಿದ್ದ ಅಯ್ಯನವರು ಕೆಳಗಿನ ಮೆಟ್ಟಿಲಲ್ಲಿ ನಿಂತು, ಕೂರಿಸಿದವರನ್ನು ಮತ್ತೆ ಮಲಗಿಸುವ ಮಾತೇ ಬೇಡ ಎಂದರು. ಹೊತ್ತು ಮುಳುಗುವ ಮುಂಚೆ ಕ್ರಿಯೆ ಮುಗಿಯಬೇಕು ಎಂದೂ ಸೇರಿಸಿದರು.

ಚನ್ನವೀರೇಶ್ ಹಣೆಯ ಬೆವರು ಒರೆಸಿಕೊಂಡ. “ಅವ್ವ, ಒಂದು ಮಾತು. ವಾಪಸ್ ತಾರಸಿಗೆ ಒಯ್ದು, ಗಟ್ಟಿ ಹಗ್ಗ ಹಾಕಿ, ರಸ್ತೆ ಕಡೆಯಿಂದ ಇಳಿಸೋಣ. ಬೀರು, ಫ್ರಿಜ್ಜು ಎಲ್ಲಾ ಹಾಗೇ ತಾನೆ ಹತ್ತಿದ್ದು ಇಳಿದಿದ್ದು?”

“ಬೀರು ಅಲ್ಲ ಕಣೋ ಅವರು.”

“ನಾನು ಹಾಗಂದ್ನಾ?”

“ಬೀದಿ ಜನ ಎಲ್ಲಾ ಬಾಯಿಬಿಟ್ಕೊಂಡು ನೋಡೋ ಹಾಗೆ ನಿಮ್ಮಪ್ಪನ್ನ ಗಾಳೀಲಿ ತೂಗಾಡಿಸ್ತೀಯಾ? ಹಗ್ಗ ಜಾರಿದ್ರೆ?”

ಬೆಟ್ಟಯ್ಯ ಗಂಟಲು ಸರಿಮಾಡಿಕೊಂಡ. “ಇನ್ನೊಂದು ದಾರಿ ಇದೆ. ಇದು ನಾಲ್ಕಿಂಚಿನ ಗೋಡೆ. ಮೇಲೆ ಭಾರ ಇಲ್ಲ.” ದುರ್ಗವ್ವನ ಕೋಣೆಯ ಗೋಡೆಯನ್ನು ಬೆರಳಿನ ಗೆಣ್ಣಿನಿಂದ ತಟ್ಟಿದ. “ಒಡೆದ್ರೆ ನೇರ ಕೋಣೆಯೊಳಕ್ಕೆ ಹೋಗಿ ಆ ಕಡೆ ಬಾಗಿಲಿಂದ ಓಣಿಗೆ ಬರಬಹುದು. ಅಲ್ಲಿಂದ ಕೆಳಗೆ ಮೆಟ್ಟಿಲು ಅಗಲ ಇದೆ. ಅರ್ಧ ಗಂಟೆ ಕೆಲಸ.”

ಎಲ್ಲರೂ ಚನ್ನವೀರೇಶನನ್ನು ನೋಡಿದರು. ಅವನು ಗೋಡೆಯನ್ನು ಮೇಲಿಂದ ಕೆಳಗೆ ನೋಡಿದ.

“ಗೋಡೆ ಹೋದ್ರೆ ಆ ರೂಮೇ ಹೋಗುತ್ತಲ್ಲ,” ಎಂದ.

“ಮತ್ತೆ ಕಟ್ಕೋಬಹುದು.”

“ಕಟ್ಟೋದು, ಗಿಲಾವು, ಬಣ್ಣ... ಅಷ್ಟು ದಿನ ರೂಮು ಖಾಲಿ. ಹಗ್ಗಕ್ಕೇನೂ ಖರ್ಚಿಲ್ಲ.”

ಬೆಟ್ಟಯ್ಯ ಮಗನ ಮುಖ ನೋಡಿ, ಹಾಗೇ ಕುರ್ಚಿಯಲ್ಲಿದ್ದ ತಂದೆಯ ಮುಖದ ಕಡೆ ಕಣ್ಣು ಹೊರಳಿಸಿದ.

“ಚನ್ನಾ,” ಮೇಲಿನಿಂದ ಕಲ್ಯಾಣಮ್ಮ ಹೇಳಿದರು, “ಅವರ ಎದುರಿಗೇ ಲೆಕ್ಕ ಹಾಕ್ತಿದೀಯಲ್ಲೋ.”

ಚನ್ನವೀರೇಶನ ದನಿ ಏರಿತು. “ಮತ್ತಿನ್ನೇನವ್ವ ಮಾಡ್ಲಿ? ನಾಯಂಡಹಳ್ಳಿ ಗೋಡೌನಲ್ಲಿ ಮೂಟೆ ಎಣಿಸ್ಕೊಂಡು, ಕೆಂಗೇರೀಲಿ ಬಾಡಿಗೆ ಕಟ್ಕೊಂಡು ಕೂತಿದೀನಿ. ಅಪ್ಪಂಗೆ ಆರು ಮನೆ, ಮಗನಿಗೆ ಬಾಡಿಗೆ ಮನೆ! ಮದುವೆ ಆದಾಗ ಇದೇ ರೂಮು ಕೇಳಿದ್ದೆ. ಏನಂದ್ರು ನೆನಪಿದ್ಯಾ? ಮಗನಿಗೆ ಕೊಟ್ಟ ರೂಮು ಬಾಡಿಗೆ ತರಲ್ಲ ಅಂದ್ರು. ಆಗ ನೀನೂ ಸುಮ್ಮನಿದ್ದೆ.”

ಕಲ್ಯಾಣಮ್ಮ ಕೆಳಗೆ ಗಂಡನ ನೆತ್ತಿಯನ್ನೇ ನೋಡಿದರು. ಮೆಟ್ಟಿಲಲ್ಲಿ ಊದಿನಕಡ್ಡಿಯ ಹೊಗೆ ಹೊರಗೆ ಹೋಗಲು ಜಾಗವಿಲ್ಲದೆ ಅಲ್ಲೇ ಸುತ್ತುತ್ತಿತ್ತು.

*

ರೇವಣಸಿದ್ದಯ್ಯನವರು ಮದುವೆಯಾದ ಹೊಸದರಲ್ಲಿ ದಾವಣಗೆರೆ ಕಡೆಯಿಂದ ಬಂದು ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಲೇತ್ ಕೆಲಸಕ್ಕೆ ಸೇರಿದರು. ಆಗ ಇದ್ದದ್ದು ಒಂದು ವಠಾರದಲ್ಲಿ. ರಾತ್ರಿ ಪಾಳಿ ಮುಗಿಸಿ ಬಂದರೆ ಮನೆಯ ಓನರು ಗೇಟಿಗೆ ಬೀಗ ಹಾಕಿ ಮಲಗಿರುತ್ತಿದ್ದ. ಬೆಳಕು ಹರಿಯುವವರೆಗೆ ಅವರು ಎದುರಿನ ಜಗಲಿಯ ಮೇಲೆ ಕೂತಿರುತ್ತಿದ್ದರು. ಒಳಗೆ ಕಲ್ಯಾಣಮ್ಮ ಕಿಟಕಿಯಲ್ಲಿ ಕೂತಿರುತ್ತಿದ್ದರು. ಮಾತಾಡಿದರೆ ಓನರಿಗೆ ಎಚ್ಚರವಾಗುತ್ತದೆಂದು ಇಬ್ಬರೂ ಮಾತಾಡುತ್ತಿರಲಿಲ್ಲ. “ಒಂದಿನ ಬೀಗ ನಮ್ಮ ಕೈಲಿರುತ್ತೆ ನೋಡು,” ಎಂದು ಅವರು ಹೇಳಿದ್ದು ಆ ದಿನಗಳಲ್ಲಿ.

ಮೂಡಲಪಾಳ್ಯ ಇನ್ನೂ ರಾಗಿ ಹೊಲವಾಗಿದ್ದಾಗ ಅವರು ಈ ಸೈಟು ಕೊಂಡರು. ಮೊದಲು ಕೆಳಗಿನ ಮನೆ ಕಟ್ಟಿ ಅದರಲ್ಲಿ ಎರಡು ವರ್ಷ ಇದ್ದರು. ಕೆಳಗಿನ ಮನೆಗೆ ಹೆಚ್ಚು ಬಾಡಿಗೆ ಬರುತ್ತದೆಂದು ಅದನ್ನು ಕೊಟ್ಟು, ಮೇಲೊಂದು ಕಟ್ಟಿ ಹತ್ತಿದರು. ಮೊದಲನೇ ಮಹಡಿಯೂ ಬೇಡಿಕೆಗೆ ಬಂದಾಗ ಎರಡನೆಯದಕ್ಕೆ ಹತ್ತಿದರು. ಆಮೇಲೆ ತಾರಸಿಯ ಮೇಲೆ ನೀರಿನ ಟ್ಯಾಂಕಿನ ಪಕ್ಕ ಶೀಟು ಹೊದಿಸಿದ ಒಂದು ಕೋಣೆ. ಪ್ರತಿ ಸಲ ಸಾಮಾನು ಕಟ್ಟುವಾಗಲೂ ಕಲ್ಯಾಣಮ್ಮ, “ಇದೇ ಕೊನೇದಾ?” ಎಂದು ಕೇಳುತ್ತಿದ್ದರು. “ಇದೇ ಕೊನೇದು,” ಎನ್ನುತ್ತಿದ್ದರು ಅವರು. ತಾರಸಿಗೆ ಹತ್ತಿದಾಗ ಮಾತ್ರ ಕಲ್ಯಾಣಮ್ಮ ಕೇಳಲಿಲ್ಲ.

ಭಾನುವಾರ ಬೆಳಿಗ್ಗೆ ಆ ತಾರಸಿಗೆ ಜನ ಬರುತ್ತಿದ್ದರು. ಹೊಸದಾಗಿ ಸೈಟು ಕೊಂಡವರು, ಹಳೇ ಮನೆ ಒಡೆದು ಪೋರ್ಷನ್ ಮಾಡಿಸಬೇಕೆಂದವರು. ರೇವಣಸಿದ್ದಯ್ಯನವರು ಕುರ್ಚಿ ಹಾಕಿ ಕೂರಿಸಿ ಪುಕ್ಕಟೆಯಾಗಿ ಹೇಳಿಕೊಡುತ್ತಿದ್ದರು.

“ಮನೆಗಿಂತ ಮುಂಚೆ ಸಂಪು ಕಟ್ಟಿ. ನೀರಿಲ್ಲದ ಮನೇಲಿ ಬಾಡಿಗೆದಾರ ನಿಲ್ಲಲ್ಲ, ಜಗಳ ನಿಲ್ಲುತ್ತೆ. ಒಂದೊಂದು ಪೋರ್ಷನ್‌ಗೂ ಬೇರೆ ಬೇರೆ ಕರೆಂಟ್ ಮೀಟರ್ ಹಾಕ್ಸಿ. ಬಚ್ಚಲ ಪೈಪು ಗೋಡೆಯೊಳಗೆ ಬೇಡ, ಹೊರಗೆ ಬಿಡಿ. ಸೋರಿದ್ರೆ ಕಣ್ಣಿಗೆ ಕಾಣಬೇಕು. ವರ್ಷಕ್ಕೆ ಹನ್ನೆರಡು ತಿಂಗಳು ಬಾಡಿಗೆ ಬರುತ್ತೆ ಅಂತ ಸಾಲ ಮಾಡ್ಬೇಡಿ, ಹತ್ತೇ ಅಂದ್ಕೊಳ್ಳಿ. ಒಂದು ತಿಂಗಳು ಖಾಲಿ, ಒಂದು ತಿಂಗಳದ್ದು ಮೋಟರು, ಸುಣ್ಣಬಣ್ಣಕ್ಕೆ.”

“ಬಾಡಿಗೆದಾರರನ್ನ ಹೇಗೆ ಆರಿಸೋದು ಸಾರ್?”

“ಅಡ್ವಾನ್ಸಿಗೆ ಚೌಕಾಸಿ ಮಾಡೋನು ಒಳ್ಳೆಯವನು. ಕೊಡೋ ಯೋಚನೆ ಇದೆ ಅದಕ್ಕೇ ಚೌಕಾಸಿ. ಕೇಳಿದ್ದಕ್ಕೆಲ್ಲ ಹೂಂ ಅಂದೋನ ಹಿಂದೆ ಅಲೀಬೇಕಾಗುತ್ತೆ. ಅವನು ಈಗಿರೋ ಮನೆಗೆ ಹೇಳದೆ ಒಂದ್ಸಲ ಹೋಗಿ ಬನ್ನಿ. ಅಡುಗೆಮನೆ ಹೇಗಿಟ್ಕೊಂಡಿದಾನೆ ನೋಡಿ, ಸಾಕು.”

ಕೊನೆಯಲ್ಲಿ ಬೆರಳೆತ್ತಿ ಹೇಳುತ್ತಿದ್ದರು: “ಬಾಡಿಗೆ ತರದ ಜಾಗ ಒಂದಡಿನೂ ಇರಬಾರದು. ಮುಖ್ಯವಾಗಿ, ಒಳ್ಳೇ ಭಾಗದಲ್ಲಿ ನೀವೇ ಕೂತ್ಕೋಬೇಡಿ.”

ಬಂದವರು ತಲೆದೂಗುತ್ತಿದ್ದರು. ಕಲ್ಯಾಣಮ್ಮ ಕಾಫಿ ಲೋಟ ತೆಗೆದುಕೊಂಡು ಹೋಗಿ, ಕುಳಿತುಕೊಳ್ಳಲು ಬೇರೆ ಜಾಗವಿಲ್ಲದೆ, ಟ್ಯಾಂಕಿನ ನೆರಳಿನಲ್ಲಿ ನಿಂತಿರುತ್ತಿದ್ದರು. ಬಾಡಿಗೆದಾರರ ಕಾಯಿಲೆ, ಮಕ್ಕಳ ಫೀಸು ಅಂದರೆ ರೇವಣಸಿದ್ದಯ್ಯನವರು ಬಾಡಿಗೆ ಕೇಳದೆ ಒಂದೆರಡು ತಿಂಗಳು ಸುಮ್ಮನಿದ್ದದ್ದೂ ಉಂಟು. ಗೇಟಿಗೆ ಒಂದು ದಿನವೂ ಬೀಗ ಹಾಕಿದವರಲ್ಲ. ಅದನ್ನು ಅವರು ಯಾರಿಗೂ ಸಲಹೆಯಾಗಿ ಹೇಳಲಿಲ್ಲ.

*

ಬಿಸಿಲು ಎದುರು ಮನೆಯ ಗೋಡೆಯ ಮೇಲಕ್ಕೆ ಹತ್ತುತ್ತಿತ್ತು. ಭಜನೆಯವರು ಟೀ ಕುಡಿಯಲು ಹೋದರು. ಚನ್ನವೀರೇಶ್ ಫೋನಿನಲ್ಲಿ ಯಾರನ್ನೋ ಹಗ್ಗ ಕೇಳುತ್ತಿದ್ದ.

ಕಲ್ಯಾಣಮ್ಮ ಗೋಡೆ ಹಿಡಿದು ಕೂತರು. ಕೂತಲ್ಲಿಂದ ಒಂದು ಮೆಟ್ಟಿಲು ಜಾರಿದರು. ಇನ್ನೊಂದು. ಮಗು ಇಳಿಯುವ ಹಾಗೆ ಕೂತು ಕೂತೇ ಇಳಿದು ಗಂಡನ ಬೆನ್ನ ಹಿಂದಕ್ಕೆ ಬಂದರು. ಬಾಳೇಶ ಅವರಿಗೆ ದಾರಿ ಬಿಡಲೆಂದು ಗೋಡೆಗೆ ಹಲ್ಲಿಯ ಹಾಗೆ ಅಂಟಿಕೊಂಡ. ಅವರು ಅಂಗೈಯನ್ನು ದುರ್ಗವ್ವನ ಕೋಣೆಯ ಗೋಡೆಯ ಮೇಲಿಟ್ಟರು.

“ದುರ್ಗವ್ವ, ಕೇಳ್ತಾ ಇದೀಯೇನವ್ವ?”

“ಕೇಳಾಕತ್ತೇನ್ರಿ ಅವ್ವಾರ,” ಗೋಡೆಯಾಚೆಯಿಂದ ಸಣ್ಣ ದನಿ ಬಂತು. “ಎಲ್ಲಾ ಕೇಳೇನ್ರಿ.”

“ಈ ಗೋಡೆ ಒಡೀಬೇಕು ಅಂತಾರೆ.”

ಒಳಗೆ ಬಳೆಗಳ ಸದ್ದಾಯಿತು.

“ಒಡದ ಮ್ಯಾಲ ನಾವ್ ಎಲ್ಲಿ ಇರೂದ್ರಿ?”

ಕಲ್ಯಾಣಮ್ಮ ಕೆಳಗೆ ನಿಂತ ಮಗನನ್ನು ನೋಡಿದರು. ಅವನು ಫೋನು ಕಿವಿಯಿಂದ ತೆಗೆದಿದ್ದ, ಆದರೆ ತಲೆ ಎತ್ತಲಿಲ್ಲ. ಈ ಮನೆಯಲ್ಲಿ ಒಂದು ಕೋಣೆಯನ್ನು ಯಾರಿಗಾದರೂ ಕೊಡುತ್ತೇನೆ, ಉಳಿಸುತ್ತೇನೆ ಎಂದು ಹೇಳುವ ಮಾತು ಅವರ ಬಾಯಿಂದ ಎಂದೂ ಬಂದಿರಲಿಲ್ಲ.

“ಗೊತ್ತಿಲ್ಲ ಕಣವ್ವ,” ಎಂದರು. “ಸುಳ್ಳು ಹೇಳಲ್ಲ ನಿಂಗೆ. ಅವರನ್ನ ಹಗ್ಗ ಕಟ್ಟಿ ಇಳಿಸೋದನ್ನ ನೋಡೋಕೆ ನನ್ನ ಕೈಲಿ ಆಗಲ್ಲ. ಅಷ್ಟೇ.”

ಬಾಳೇಶ ಗೋಡೆಗೆ ಕಿವಿ ಕೊಟ್ಟ. ಅಷ್ಟರಲ್ಲಿ ಒಳಗಿನಿಂದ ಪಾತ್ರೆಗಳನ್ನು ಒಂದರೊಳಗೊಂದು ಇಡುವ ಸದ್ದು ಬಂತು. ಭಾರವಾದದ್ದೇನನ್ನೋ ನೆಲದ ಮೇಲೆ ಎಳೆದ ಸದ್ದು. ಕೊನೆಗೆ ಅದೇ ಸಣ್ಣ ದನಿ, ಈ ಸಲ ಗೋಡೆಗೆ ಇನ್ನೂ ಹತ್ತಿರದಿಂದ.

“ಸಾಮಾನು ಸರಿಸೇನ್ರಿ. ಒಡೀರಿ.”

ಬೆಟ್ಟಯ್ಯ ಚನ್ನವೀರೇಶನ ಅಪ್ಪಣೆಗೆ ಕಾಯಲಿಲ್ಲ. ಸುತ್ತಿಗೆ, ಉಳಿ ತರಿಸಿಕೊಂಡು ಓಣಿಯ ಬಾಗಿಲಿನಿಂದ ಕೋಣೆಯೊಳಕ್ಕೆ ಹೋದ. ಕಲ್ಯಾಣಮ್ಮ ತಮ್ಮ ಶಾಲು ತೆಗೆದು ಗಂಡನ ತಲೆಯಿಂದ ಮೊಣಕಾಲಿನವರೆಗೆ ಹೊದಿಸಿ, ಎರಡೂ ಕೈಯಿಂದ ಅಂಚು ಹಿಡಿದುಕೊಂಡರು. ಒಳಗಿನಿಂದ ಮೊದಲ ಏಟು ಬಿತ್ತು. ಧೂಳು ಉದುರಿತು.

“ಒಂದ್ ಕ್ಯಾಲೆಂಡರ್ ಹಾಕಾಕ ಮೊಳಿ ಹೊಡೀತೀನಂದ್ರ ಬಿಡಲಿಲ್ಲ ಅಜ್ಜಾರು,” ಬಾಳೇಶ ತನ್ನಷ್ಟಕ್ಕೇ ಎಂಬಂತೆ ಹೇಳಿದ. “ಗೋಡಿ ಕೆಡತೈತಿ ಅಂತಿದ್ರು.”

ಎರಡನೇ ಮಹಡಿಯಲ್ಲಿ ಬಸವರಾಜೇಶ್ವರಿ ಫಕ್ಕನೆ ನಕ್ಕು, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕಲ್ಯಾಣಮ್ಮನ ತುಟಿಯೂ ಸ್ವಲ್ಪ ಅಲುಗಿತು.

ಬೆಟ್ಟಯ್ಯ ಇಟ್ಟಿಗೆಗಳನ್ನು ಒಳಕ್ಕೇ ಎಳೆದುಕೊಳ್ಳುತ್ತಿದ್ದ. ಮೊದಲ ಸಾಲು ಬಿದ್ದಾಗ ಚನ್ನವೀರೇಶ್ ಓಣಿಯಲ್ಲಿ ನಿಂತು ನೋಡಿದ. ಎರಡನೇ ಸಾಲಿಗೆ ಒಳಗೆ ಬಂದು ಇಟ್ಟಿಗೆ ಹೊರತೊಡಗಿದ. ಇಡೀ ಇಟ್ಟಿಗೆಗಳನ್ನು ಒಂದು ಕಡೆ ಜೋಡಿಸಿದ, ಮುರಿದವನ್ನು ಇನ್ನೊಂದು ಕಡೆ.

ಗೋಡೆ ಸೊಂಟದಿಂದ ಕೆಳಕ್ಕೆ ಬಂದಾಗ ದುರ್ಗವ್ವ ಕಾಣಿಸಿದಳು. ಹಾಸಿಗೆ, ಪಾತ್ರೆ, ಟ್ರಂಕು ಎಲ್ಲವನ್ನೂ ಒಂದು ಮೂಲೆಗೆ ಪೇರಿಸಿ, ಅದಕ್ಕೆ ಬೆನ್ನು ಕೊಟ್ಟು ನಿಂತಿದ್ದಳು. ಗಾರ್ಮೆಂಟ್ಸ್ ಕೆಲಸಕ್ಕೆ ಇವತ್ತು ರಜೆ ಹಾಕಿದ್ದಳು. ತಲೆಗೂದಲ ಮೇಲೆಲ್ಲ ಗಾರೆಯ ಪುಡಿ.

ನಾಲ್ಕು ಜನ ಕುರ್ಚಿ ಎತ್ತಿದರು. ಈ ಸಲ ಯಾರೂ ಎಡಕ್ಕೆ ಬಲಕ್ಕೆ ಎನ್ನಲಿಲ್ಲ. ರೇವಣಸಿದ್ದಯ್ಯನವರು ಕೂತ ಹಾಗೇ ದುರ್ಗವ್ವನ ಕೋಣೆಯನ್ನು ಹಾದು ಹೊರಟರು. ದುರ್ಗವ್ವ ಬಗ್ಗಿ, ಮಡಿಸಿದ ಮೊಣಕಾಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಹಿಂದೆಯೇ ಬಂದ ಕಲ್ಯಾಣಮ್ಮ ಮುರಿದ ಅಂಚನ್ನು ದಾಟಲಾಗದೆ ನಿಂತರು. ದುರ್ಗವ್ವ ಒಂದು ಕೈ ಕೊಟ್ಟಳು, ಬಾಳೇಶ ಹಿಂದಿನಿಂದ ತೋಳು ಹಿಡಿದ. ಒಳಗೆ ಬಂದು ಅವರು ಸುತ್ತ ನೋಡಿದರು. ಗೋಡೆ ಎದ್ದ ಮೇಲೆ ಈ ಕೋಣೆಯೊಳಕ್ಕೆ ಅವರು ಕಾಲಿಟ್ಟಿರಲಿಲ್ಲ.

“ಇಷ್ಟೇನಾ ಇದು?”

“ಇಷ್ಟ ರೀ,” ಎಂದಳು ದುರ್ಗವ್ವ.

*

ರುದ್ರಭೂಮಿಯಲ್ಲಿ ಗುಂಡಿ ತೋಡಿದವರು ಚೌಕವಾಗಿ, ಧಾರಾಳವಾಗಿ ತೋಡಿದ್ದರು. ರೇವಣಸಿದ್ದಯ್ಯನವರನ್ನು ಇಳಿಸಿ ಕೂರಿಸಿದ ಮೇಲೂ ಎರಡೂ ಮಗ್ಗುಲಲ್ಲಿ ಮೊಳ ಮೊಳ ಜಾಗ ಮಿಕ್ಕಿತು. ವಿಭೂತಿ ಗಟ್ಟಿ, ಬಿಲ್ವಪತ್ರೆ ತುಂಬಿದರು. ಕಲ್ಯಾಣಮ್ಮ ದುರ್ಗವ್ವನ ಹೆಗಲು ಹಿಡಿದು ಗುಂಡಿಯ ಅಂಚಿಗೆ ಬಂದು, ಒಂದು ಹಿಡಿ ಮಣ್ಣು ಹಾಕಿದರು. ಅತ್ತಾರು ಎಂದು ಹಿಡಿದುಕೊಳ್ಳಲು ಬಂದವರಿಗೆ ಕೆಲಸವಿರಲಿಲ್ಲ. ಕಲ್ಯಾಣಮ್ಮ ತಲೆ ಎತ್ತಿ ಮೈದಾನದ ಆಚೆಯವರೆಗೆ ನೋಡುತ್ತಿದ್ದರು.

ಹಿಂತಿರುಗುವಾಗ ಪದ್ಮನಾಭ ಬೆಟ್ಟಯ್ಯನ ಪಕ್ಕ ನಡೆದರು.

“ನಾನು ಮೂರೂವರೆ ಅಡಿ ಇಡ್ಸ್ತೀನಪ್ಪ ಮೆಟ್ಟಿಲು. ಏನಾದ್ರೂ ಆಗ್ಲಿ.”

“ಇಡ್ಸಿ ಸಾರ್,” ಎಂದ ಬೆಟ್ಟಯ್ಯ. “ಎರಡು ವರ್ಷ ಬಿಟ್ಟು ಫೋನ್ ಮಾಡ್ತೀರ. ಬೆಟ್ಟಯ್ಯ, ಆ ಮೂಲೆ ಸುಮ್ನೆ ಬಿದ್ದಿದೆ, ಸ್ವಲ್ಪ ಬಂದು ನೋಡಿ ಹೋಗು ಅಂತ.”

“ಇಲ್ಲಪ್ಪ, ಇಲ್ಲ.”

“ಬರ್ತೀನಿ ಸಾರ್. ನನ್ನ ಕೆಲಸ ಅದೇ ತಾನೆ.”

*

ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ಮನೆಗೆ ಬಂದರು. ಕಲ್ಯಾಣಮ್ಮ ಕೆಳಗಿನ ಅಗಲ ಮೆಟ್ಟಿಲನ್ನು ದುರ್ಗವ್ವನ ಕೈಹಿಡಿದು ಹತ್ತಿದರು. ತಿರುವಿಗೆ ಬಂದಾಗ ಕೈ ಬಿಟ್ಟು, ಗೋಡೆ ಇದ್ದ ಜಾಗದ ಈಚೆ, ಮೆಟ್ಟಿಲಿಗೆ ಬೆನ್ನು ಕೊಟ್ಟು ಕೂತುಬಿಟ್ಟರು. ಕಾಲು ಚಾಚಿದರು. ಅಂಚಿನ ಗಾರೆ ದಾಟಿ ಅವರ ಪಾದಗಳು ದುರ್ಗವ್ವನ ಕೋಣೆಯೊಳಕ್ಕೆ ಹೋದವು.

“ಮೇಲೆ ಹೋಗೋಣ ಬಾ ಅವ್ವ,” ಚನ್ನವೀರೇಶ್ ಬಗ್ಗಿ ಹೇಳಿದ. “ನಾನು ಹಿಡ್ಕೋತೀನಿ.”

“ನೀನು ಹೋಗು.”

“ಇಲ್ಲಿ ಎಷ್ಟು ಹೊತ್ತು ಕೂತಿರ್ತೀಯ? ನಾಳೆ ಗೋಡೆ ಕಟ್ಬೇಕು. ಇವರಿಗೂ ರೂಮು ಬೇಕಲ್ಲ. ತೆರೆದಿಟ್ಟು ಮಲಗೋಕಾಗುತ್ತಾ?”

ಕಲ್ಯಾಣಮ್ಮ ದುರ್ಗವ್ವನನ್ನು ನೋಡಿದರು. ದುರ್ಗವ್ವ ನೆಲ ನೋಡಿದಳು. ಅವನು ಹೇಳಿದ್ದು ಸುಳ್ಳಾಗಿರಲಿಲ್ಲ. ಗೋಡೆ ಎದ್ದರೆ ದುರ್ಗವ್ವನಿಗೆ ಮನೆ. ಏಳದಿದ್ದರೆ ಕಲ್ಯಾಣಮ್ಮನಿಗೆ ದಾರಿ.

ಬೆಟ್ಟಯ್ಯ ನಾಳೆಯ ಕೆಲಸಕ್ಕೆಂದು ಉಳಿದ ಗೋಡೆಯ ಎರಡು ಕೊನೆಗೂ ಮೊಳೆ ಹೊಡೆದು, ಒಂದರಿಂದ ಇನ್ನೊಂದಕ್ಕೆ ದಾರ ಬಿಗಿದ. ದಾರ ಕಲ್ಯಾಣಮ್ಮನ ಕಣಕಾಲುಗಳ ಮೇಲೆ, ಸೀರೆಯ ಅಂಚಿಗೆ ತಾಗುವಂತೆ ಹಾದುಹೋಯಿತು.

“ಕಾಲು ಸ್ವಲ್ಪ ಈ ಕಡೆ ತಗೊಳ್ಳಿ ಅಮ್ಮಾರೆ.”

ಅವರು ತೆಗೆಯಲಿಲ್ಲ. ಬೆಟ್ಟಯ್ಯ ಚನ್ನವೀರೇಶನನ್ನು ನೋಡಿದ. ಚನ್ನವೀರೇಶ್ ಜೋಡಿಸಿಟ್ಟ ಇಟ್ಟಿಗೆಗಳ ಕಡೆ ನೋಡಿ, ಒಬ್ಬನೇ ಮೆಟ್ಟಿಲು ಹತ್ತಿಹೋದ.

ಒಳಗೆ ದುರ್ಗವ್ವ ಬಗ್ಗಿ ಸ್ಟೋವ್ ಹಚ್ಚಿ ಅನ್ನಕ್ಕೆ ಎಸರಿಟ್ಟಳು. ಉರಿ ಹಿಡಿಯಿತು. ಕೋಣೆಯಲ್ಲಿ ಅವಳು, ಬಾಳೇಶ, ಪೇರಿಸಿದ ಸಾಮಾನು, ಇಟ್ಟಿಗೆಯ ರಾಶಿ, ಆ ಎರಡು ಪಾದಗಳು. ಬೇರೆ ಜಾಗವಿರಲಿಲ್ಲ. ಸ್ವಲ್ಪ ಹೊತ್ತು ಅವಳು ಆ ಪಾದಗಳನ್ನೇ ನೋಡಿದಳು. ಆಮೇಲೆ ಎಸರನ್ನು ಕೆಳಗಿಳಿಸಿ, ಉರಿಯುತ್ತಿದ್ದ ಸ್ಟೋವನ್ನು ಎರಡೂ ಕೈಯಿಂದ ಎತ್ತಿ ಬಾಗಿಲ ಮೂಲೆಗೆ ಒಯ್ದು ಇಟ್ಟಳು. ಅಷ್ಟು ಜಾಗ ಖಾಲಿಯಾಯಿತು. ಕಲ್ಯಾಣಮ್ಮನ ಕಾಲುಗಳು ದಾರದ ಕೆಳಗೆ ಇನ್ನೂ ಒಂದು ಗೇಣು ಒಳಗೆ ಸರಿದವು.